ಬುರುಡೆ ಬಿಡೋಕೂ ಲೆಕ್ಕ ಬೇಕು: ಪೋಕರ್‌ನಲ್ಲಿ ಬ್ಲಫ್ ಯಾವಾಗ?

ಹೋದ ದೀಪಾವಳಿಗೆ ಊರಿಗೆ ಹೋದಾಗ ಮನೆಯವರಿಗೆಲ್ಲ ಪೋಕರ್ ಹೇಳಿಕೊಟ್ಟೆ. ದುಡ್ಡು ಕಟ್ಟಿ ಆಡೋದು ಅಜ್ಜಿಗೆ ಆಗದ ಮಾತು, ಹಾಗಾಗಿ ಚಿಪ್ಸ್, ಅಂದರೆ ದುಡ್ಡಿನ ಲೆಕ್ಕಕ್ಕೆ ಇಡುವ ಬಿಲ್ಲೆಗಳ ಬದಲು ಹುಣಸೆ ಬೀಜ, ತಲೆಗೆ ನೂರು. ಅರ್ಧ ಗಂಟೆ ಕಳೆಯುವುದರಲ್ಲಿ ನನಗೊಂದು ಒಳ್ಳೆ ಅವಕಾಶ ಸಿಕ್ಕಿತು ಅಂದುಕೊಂಡೆ. ನನ್ನ ಕೈಯಲ್ಲಿ ಏನೂ ಇಲ್ಲ, ಆದರೆ ಚಾಪೆ ಮೇಲೆ ಬಿದ್ದಿರುವುದು ಎಕ್ಕ, ರಾಜ, ರಾಣಿ ಮತ್ತೆ ಎರಡು ಚಿಲ್ಲರೆ ಎಲೆ. ನಡುವೆ 40 ಬೀಜದ ರಾಶಿ. ನಾನು ಇನ್ನೂ 40 ತಳ್ಳಿ, ಮುಖ ಗಂಟು ಹಾಕಿಕೊಂಡು ಕೂತೆ. ಸೋದರಮಾವ ತಮ್ಮ ಎರಡು ಎಲೆಯ ಮೂಲೆ ಮತ್ತೊಮ್ಮೆ ಎತ್ತಿ ನೋಡಿದರು. "ಏನಿದೆಯೋ ನಿನ್ನತ್ರ? ನೋಡೇ ಬಿಡೋಣ" ಅಂತ ಒಂದೊಂದೇ ಬೀಜ ಎಣಿಸಿ 40 ಹಾಕಿದರು. ಅವರ ಹತ್ತಿರ ಇದ್ದದ್ದು ನಾಲ್ಕರ ಜೋಡಿ. ಅಷ್ಟೇ. ರಾಶಿ ಅವರ ಪಾಲಾಯಿತು.

"ಅಷ್ಟು ದೊಡ್ಡ ಎಲೆ ಬಿದ್ದಿದ್ದರೂ ಹೆದರಿಕೆ ಆಗಲಿಲ್ವಾ ಮಾವ?" ಅಂತ ಕೇಳಿದೆ. "ಇಷ್ಟು ದೂರ ಬಂದು ನೋಡದೆ ಹೋಗೋಕಾಗುತ್ತೇನೋ?" ಅಂದರು.

ಮಾವ ಆಡಿದ್ದು ಕೆಟ್ಟ ಆಟ ಅಂತ ಅವತ್ತು ರಾತ್ರಿಯೆಲ್ಲ ಅಂದುಕೊಂಡೆ. ಬಸ್ಸಲ್ಲಿ ವಾಪಸ್ ಬರುವಾಗ ಅರ್ಥವಾಯಿತು, ಕೆಟ್ಟದಾಗಿ ಆಡಿದ್ದು ನಾನು. ಬ್ಲಫ್ ಅಂದರೆ ಎದುರಿನವನು ಎಲೆ ಬಿಡಲಿ ಅಂತ ಮಾಡುವ ಕೆಲಸ. ಬಿಡುವ ಅಭ್ಯಾಸವೇ ಇಲ್ಲದವರ ಮುಂದೆ ಬುರುಡೆ ಬಿಟ್ಟರೆ ಅದಕ್ಕೆ ಬ್ಲಫ್ ಅನ್ನಲ್ಲ, ದಾನ ಅನ್ನುತ್ತಾರೆ. ನಮ್ಮಲ್ಲಿ ತುಂಬಾ ಜನ ಬ್ಲಫ್ ಅಂದರೆ ಧೈರ್ಯ, ಕಲ್ಲಿನಂಥ ಮುಖ, ಕಪ್ಪು ಕನ್ನಡಕ ಅಂತ ತಿಳಿದಿದ್ದಾರೆ. ಸಿನಿಮಾ ನೋಡಿದ ಪರಿಣಾಮ. ನಿಜವಾಗಿ ಅದು ಬಹುಪಾಲು ಮೂರನೇ ಕ್ಲಾಸಿನ ಭಾಗಾಕಾರ, ಇನ್ನು ಸ್ವಲ್ಪ ಎದುರಿನವರು ಎಂಥವರು ಅನ್ನುವ ಅಂದಾಜು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಈಗ ಪೋಕರ್ ಅಂದರೆ ಬಹುಪಾಲು ಟೆಕ್ಸಸ್ ಹೋಲ್ಡಮ್. ಎಲ್ಲರಿಗೂ ಗುಟ್ಟಾಗಿ ಎರಡೆರಡು ಎಲೆ. ಆಮೇಲೆ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ: ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್, ಆಮೇಲೆ ಒಂದು, ಟರ್ನ್, ಕೊನೆಗೆ ಇನ್ನೊಂದು, ರಿವರ್. ಪ್ರತಿ ಹಂತದಲ್ಲೂ ಬೆಟ್ ಕಟ್ಟಬಹುದು, ಕಟ್ಟದೆ ಚೆಕ್ ಅನ್ನಬಹುದು. ಯಾರಾದರೂ ಕಟ್ಟಿದರೆ ಉಳಿದವರು ಅಷ್ಟೇ ಹಾಕಿ ಕಾಲ್ ಮಾಡಬೇಕು, ಇಲ್ಲ ಜಾಸ್ತಿ ಹಾಕಿ ರೇಸ್ ಮಾಡಬೇಕು, ಇಲ್ಲ ಎಲೆ ಬಿಟ್ಟು ಫೋಲ್ಡ್ ಆಗಬೇಕು. ಕೊನೆಗೆ ಏಳು ಎಲೆಯಲ್ಲಿ ಯಾರ ಐದು ಚೆನ್ನಾಗಿವೆಯೋ ಅವರಿಗೆ ಪಾಟ್, ಅಂದರೆ ನಡುವಿನ ರಾಶಿ. ಆದರೆ ಉಳಿದವರೆಲ್ಲ ಫೋಲ್ಡ್ ಆಗಿಬಿಟ್ಟರೆ ಎಲೆ ತೋರಿಸುವ ಮಾತೇ ಇಲ್ಲ, ರಾಶಿ ನಿಮ್ಮದೇ. ಬ್ಲಫ್‌ಗೆ ಜಾಗ ಮಾಡಿಕೊಡುವುದು ಈ ಕೊನೇ ನಿಯಮವೇ. ನಮ್ಮ ಮೂರೆಲೆ ಆಟದಲ್ಲೂ ಇದೇ ನಿಯಮ ಇದೆ, ಅಲ್ಲಿ ಪ್ಯಾಕ್ ಅನ್ನುತ್ತಾರೆ.

ಈಗ ಭಾಗಾಕಾರಕ್ಕೆ ಬರೋಣ. ಪಾಟ್‌ನಲ್ಲಿ 100 ಇದೆ. ನೀವು ಕೈಯಲ್ಲಿ ಏನೂ ಇಲ್ಲದೆ 50 ಕಟ್ಟುತ್ತೀರಿ. ಎದುರಿನವನು ಬಿಟ್ಟರೆ ನಿಮಗೆ 100 ಲಾಭ, ಕಾಲ್ ಮಾಡಿದರೆ 50 ಹೋಯಿತು. ಮೂರು ಸಲ ಹೀಗೆ ಮಾಡಿ, ಎರಡು ಸಲ ಸಿಕ್ಕಿಬಿದ್ದು ಒಂದು ಸಲ ಗೆದ್ದರೂ ಲೆಕ್ಕ ಸಮ: 100 ಬಂತು, 100 ಹೋಯಿತು. ಅಂದರೆ ಅರ್ಧ ಪಾಟ್ ಕಟ್ಟಿದಾಗ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಲ ಅವನು ಬಿಟ್ಟರೆ ಸಾಕು, ನಿಮಗೆ ಲಾಭವೇ. ಪಾಟ್‌ನಷ್ಟೇ 100 ಕಟ್ಟಿದರೆ ಎರಡರಲ್ಲಿ ಒಂದು ಸಲ ಬಿಡಬೇಕು. ಎರಡು ಪಾಟ್, ಅಂದರೆ 200 ಕಟ್ಟಿದರೆ ಮೂರರಲ್ಲಿ ಎರಡು ಸಲ. ಸೂತ್ರ ಬೇಕಿದ್ದರೆ: ನೀವು ಕಟ್ಟುವ ಮೊತ್ತವನ್ನು, ಆ ಮೊತ್ತ ಮತ್ತು ಪಾಟ್ ಕೂಡಿಸಿ ಬಂದದ್ದರಿಂದ ಭಾಗಿಸಿ.

ಇದು ಗೊತ್ತಾದಮೇಲೆ ಪ್ರಶ್ನೆಯೇ ಬದಲಾಗುತ್ತದೆ. "ನನಗೆ ಧೈರ್ಯ ಇದೆಯಾ" ಅನ್ನುವುದು ಹೋಗಿ "ಈ ಮನುಷ್ಯ, ಈ ಎಲೆಗಳನ್ನು ನೋಡಿ, ಇಷ್ಟು ಬೆಲೆಗೆ, ಎರಡರಲ್ಲಿ ಒಂದು ಸಲ ಬಿಡುತ್ತಾನಾ" ಅಂತಾಗುತ್ತದೆ. ನಾನು 40ರ ರಾಶಿಗೆ 40 ತಳ್ಳಿದ್ದೆ. ಮಾವ ಎರಡರಲ್ಲಿ ಒಂದು ಸಲ ಬಿಡುತ್ತಾರಾ? ಹತ್ತರಲ್ಲಿ ಒಂದು ಸಲವೂ ಇಲ್ಲ. ಅಲ್ಲಿಗೆ ಮುಗಿಯಿತು, ಇನ್ನು ಮುಖ ಗಂಟು ಹಾಕಿದರೆಷ್ಟು ಬಿಟ್ಟರೆಷ್ಟು.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ತಾನಾಗಿ ಹೊರಬೀಳುತ್ತದೆ. ಎದುರಿಗೆ ಒಬ್ಬನಿದ್ದು ಅವನು 60% ಸಲ ಬಿಡುತ್ತಾನೆ ಅಂದುಕೊಳ್ಳಿ, ಬ್ಲಫ್ ಚೆನ್ನಾಗಿ ನಡೆಯುತ್ತದೆ. ಅದೇ ಇಬ್ಬರಿದ್ದರೆ ಇಬ್ಬರೂ ಬಿಡಬೇಕು, ಅದು 36%. ಮೂವರಿದ್ದರೆ 22% ಹತ್ತಿರಕ್ಕೆ ಇಳಿಯುತ್ತದೆ. ಹಬ್ಬದ ದಿನ ಆರೇಳು ಜನ ಸುತ್ತ ಕೂತು, ನಾಲ್ವರು ಇನ್ನೂ ಎಲೆ ಹಿಡಿದಿರುವಾಗ ಬ್ಲಫ್ ಮಾಡುವವನಿಗೆ ಏನು ಹೇಳೋದು ಹೇಳಿ.

ಈಗ ಅದೇ ಲೆಕ್ಕವನ್ನು ಎದುರಿನವನ ಕಡೆಯಿಂದ ನೋಡಿ. ಪಾಟ್ 100, ನೀವು 100 ಕಟ್ಟಿದ್ದೀರಿ. ಅವನು 100 ಹಾಕಿದರೆ 200 ಗೆಲ್ಲಬಹುದು. ನೀವು ಇಂಥ ಜಾಗದಲ್ಲಿ ಯಾವತ್ತೂ ಸುಳ್ಳಾಡದವರಾದರೆ ಅವನು ನಿಶ್ಚಿಂತೆಯಾಗಿ ಬಿಡುತ್ತಾನೆ, ನಿಮ್ಮ ಒಳ್ಳೆ ಎಲೆಗೆ ಕಾಸು ಹುಟ್ಟುವುದಿಲ್ಲ. ಯಾವಾಗಲೂ ಸುಳ್ಳಾಡುವವರಾದರೆ ಯಾವಾಗಲೂ ಕಾಲ್ ಮಾಡುತ್ತಾನೆ. ಮೂರು ಬೆಟ್‌ನಲ್ಲಿ ಒಂದು ಸುಳ್ಳು, ಎರಡು ನಿಜ ಇದ್ದರೆ? ಒಂದು ಸಲ 200 ಗೆದ್ದ, ಎರಡು ಸಲ ನೂರು ನೂರು ಸೋತ. ಕಾಲ್ ಮಾಡಿದರೂ ಒಂದೇ, ಬಿಟ್ಟರೂ ಒಂದೇ. ಅರ್ಧ ಪಾಟ್ ಕಟ್ಟುವಾಗ ಇದು ನಾಲ್ಕರಲ್ಲಿ ಒಂದು, ಎರಡು ಪಾಟ್ ಕಟ್ಟುವಾಗ ಐದರಲ್ಲಿ ಎರಡು. ಬೆಟ್ ದೊಡ್ಡದಾದಷ್ಟೂ ಸುಳ್ಳಿಗೆ ಜಾಗ ಜಾಸ್ತಿ. ಮೊದಲ ಸಲ ಕೇಳಿದಾಗ ನನಗೆ ಇದು ಉಲ್ಟಾ ಅನ್ನಿಸಿತ್ತು, ಆದರೆ ಕಾಗದದ ಮೇಲೆ ಹಾಕಿ ನೋಡಿದರೆ ಸರಿಯಾಗಿಯೇ ಇದೆ.

ಸರಿ, ನಾಲ್ಕರಲ್ಲಿ ಒಂದು ಸುಳ್ಳು. ಯಾವ ಎಲೆ ಹಿಡಿದಾಗ? ಎಲ್ಲಕ್ಕಿಂತ ಸ್ವಾರಸ್ಯ ಇರುವುದು ಇಲ್ಲೇ. ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಪೋಕರ್ ಮೇಲೆ ಗಂಭೀರವಾಗಿ ತಲೆ ಕೆಡಿಸಿಕೊಂಡವರು. 1944ರಲ್ಲಿ ಆರ್ಥಿಕ ತಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಸೇರಿ ಅವರು ಬರೆದ ಆಟಗಳ ಗಣಿತದ ಪುಸ್ತಕದಲ್ಲಿ ಪೋಕರ್‌ಗೇ ಒಂದು ಭಾಗ ಇದೆ. ಅವರ ಲೆಕ್ಕದ ಪ್ರಕಾರ ಬ್ಲಫ್ ಮಾಡಬೇಕಾದ್ದು ಅತಿ ಕೆಟ್ಟ ಎಲೆಗಳಲ್ಲಿ, ಮಧ್ಯಮ ಎಲೆಗಳಲ್ಲಿ ಅಲ್ಲ. ಸುಮಾರಾದ ಎಲೆ ಇದ್ದರೆ ಸುಮ್ನೆ ಚೆಕ್ ಮಾಡಿ ಕೂರಬೇಕು.

ಇದು ಯಾಕೆ ಅಂತ ತಿಳಿಯಲು ಹೆರಾಲ್ಡ್ ಕೂನ್ ಅನ್ನುವ ಇನ್ನೊಬ್ಬ ಗಣಿತಜ್ಞರು 1950ರಲ್ಲಿ ಮಾಡಿದ ಪುಟಾಣಿ ಪೋಕರ್ ಸಾಕು. ಮನೆಯಲ್ಲಿ ಇಸ್ಪೀಟ್ ಕಟ್ಟು ಇದ್ದರೆ ಈಗಲೇ ತೆಗೆದಿಟ್ಟು ಆಡಿ ನೋಡಿ. ಮೂರೇ ಎಲೆ: ರಾಜ, ರಾಣಿ, ಗುಲಾಮ. ಇಬ್ಬರು ಆಡುವವರು, ತಲಾ ಒಂದು ಬೀಜ ನಡುವೆ, ತಲಾ ಒಂದು ಎಲೆ ಕೈಯಲ್ಲಿ, ಮೂರನೆಯದು ಮಗುಚಿ ಪಕ್ಕಕ್ಕೆ. ಬೆಟ್ ಅಂದರೆ ಒಂದೇ ಒಂದು ಬೀಜ. ನಿಮ್ಮ ಕೈಯಲ್ಲಿ ರಾಣಿ ಇದೆ ಅಂತಿಟ್ಟುಕೊಳ್ಳಿ. ಬೆಟ್ ಕಟ್ಟಿದಿರಿ. ಎದುರಿಗೆ ಗುಲಾಮ ಇದ್ದರೆ ಅವನು ಬಿಡುತ್ತಾನೆ, ಅವನನ್ನು ಹೇಗಿದ್ದರೂ ನೀವು ಸೋಲಿಸುತ್ತಿದ್ದಿರಿ. ಎದುರಿಗೆ ರಾಜ ಇದ್ದರೆ ನಗುತ್ತಾ ಕಾಲ್ ಮಾಡುತ್ತಾನೆ, ನಿಮಗೆ ಒಂದು ಬೀಜ ಜಾಸ್ತಿ ನಷ್ಟ. ಅಂದರೆ ರಾಣಿ ಹಿಡಿದು ಕಟ್ಟಿದ ಬೆಟ್ ಸೋಲುವವನನ್ನು ಓಡಿಸಿ, ಗೆಲ್ಲುವವನನ್ನು ಕೂರಿಸಿಕೊಳ್ಳುತ್ತದೆ. ಇದಕ್ಕಿಂತ ದಡ್ಡತನ ಇನ್ನೇನಿದೆ?

ಈಗ ಗುಲಾಮ ಹಿಡಿಯಿರಿ. ಎಲೆ ತೋರಿಸಿದರೆ ಸೋಲು ಖಚಿತ, ಕಳೆದುಕೊಳ್ಳಲು ಏನೂ ಉಳಿದಿಲ್ಲ. ಬೆಟ್ ಕಟ್ಟಿದರೆ ರಾಣಿ ಹಿಡಿದವನು ಯೋಚನೆಗೆ ಬೀಳುತ್ತಾನೆ, ಕೆಲವು ಸಲ ಬಿಡುತ್ತಾನೆ. ನಿಮಗಿಂತ ಒಳ್ಳೆ ಎಲೆ ನಿಮ್ಮ ಬುರುಡೆಗೆ ಹೆದರಿ ಹೋಯಿತು. ಬ್ಲಫ್ ಅಂದರೆ ಇದು. ಕೂನ್ ಲೆಕ್ಕ ಬಿಡಿಸಿದಾಗ ಬಂದ ಉತ್ತರ: ಮೊದಲು ಆಡುವವನು ರಾಜ ಹಿಡಿದು ಮೂರು ಸಲ ಬೆಟ್ ಕಟ್ಟಿದರೆ, ಗುಲಾಮ ಹಿಡಿದು ಒಂದು ಸಲ ಕಟ್ಟಬೇಕು. ಎರಡು ಬೀಜದ ಪಾಟ್‌ಗೆ ಒಂದು ಬೀಜದ ಬೆಟ್, ಅಂದರೆ ಅರ್ಧ ಪಾಟ್, ನಾಲ್ಕರಲ್ಲಿ ಒಂದು ಸುಳ್ಳು. ಮೇಲೆ ನಾವು ಲೆಕ್ಕ ಹಾಕಿದ್ದೇ ಬಂತಲ್ವಾ? ಮೂರು ಎಲೆಯ ಈ ಆಟ ನನಗೆ ಹೇಳಿಕೊಟ್ಟಷ್ಟು ಪಾಠವನ್ನು ಗಂಟೆಗಟ್ಟಲೆ ನೋಡಿದ ವಿಡಿಯೋಗಳೂ ಹೇಳಿಕೊಡಲಿಲ್ಲ.

ನಿಜವಾದ ಆಟದಲ್ಲಿ ನಾನೂ ಸೇರಿ ಹೊಸಬರು ಮಾಡುವ ತಪ್ಪು ಈ ರಾಣಿಯ ತಪ್ಪೇ. ಸಣ್ಣದೊಂದು ಜೋಡಿ ಸಿಕ್ಕಿರುತ್ತದೆ, ಗೆಲ್ಲುತ್ತೇನೋ ಇಲ್ಲವೋ ಅಂತ ತಳಮಳ, ಸುಮ್ಮನಿರಲಾರದೆ ದೊಡ್ಡ ಬೆಟ್. ಕೆಟ್ಟ ಎಲೆಯವರು ಎದ್ದು ಹೋಗುತ್ತಾರೆ, ಒಳ್ಳೆಯವರು ಮಾತ್ರ ಉಳಿಯುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ರಿವರ್‌ಗೆ, ಅಂದರೆ ಇನ್ನು ಎಲೆ ಬೀಳುವುದಿಲ್ಲ ಅನ್ನುವ ಹಂತಕ್ಕೆ. ಅದಕ್ಕೂ ಮುಂಚೆ ಅರ್ಧ ಸುಳ್ಳು ಅನ್ನುವ ಒಂದು ಅನುಕೂಲ ಇದೆ, ಆಟದವರು ಸೆಮಿ ಬ್ಲಫ್ ಅನ್ನುತ್ತಾರೆ. ನಿಮ್ಮ ಎರಡು, ಫ್ಲಾಪ್‌ನ ಎರಡು ಸೇರಿ ಒಂದೇ ಜಾತಿಯ ನಾಲ್ಕು ಎಲೆ ಆಗಿವೆ. ಇನ್ನೊಂದು ಬಿದ್ದರೆ ಫ್ಲಶ್, ಮೂರೆಲೆಯವರ ಬಾಯಲ್ಲಿ ಕಲರ್. ಆ ಜಾತಿಯ ಇನ್ನೂ ಒಂಬತ್ತು ಎಲೆ ಬಾಕಿ ಇವೆ, ಎರಡು ಎಲೆ ಬೀಳುವುದು ಬಾಕಿ, ಫ್ಲಶ್ ಆಗುವ ಸಾಧ್ಯತೆ ಸುಮಾರು 35%. ಎರಡೂ ಕಡೆ ತೆರೆದ ಸೀಕ್ವೆನ್ಸ್ ಆದರೆ, ಅಂದರೆ ಸಾಲಾಗಿ ನಾಲ್ಕು ಎಲೆ ಆಗಿ ಯಾವ ತುದಿಗೆ ಇನ್ನೊಂದು ಬಿದ್ದರೂ ಐದರ ಸಾಲಾಗುವ ಹಾಗಿದ್ದರೆ, ಎಂಟು ಎಲೆ, ಸುಮಾರು 31%. ಈಗ ಬೆಟ್ ಕಟ್ಟಿದರೆ ಗೆಲ್ಲಲು ಎರಡು ದಾರಿ: ಅವನು ಬಿಟ್ಟರೂ ಗೆದ್ದಿರಿ, ಬಿಡದೆ ಎಲೆ ಬಿದ್ದರೂ ಗೆದ್ದಿರಿ. ಅವನು ಬಿಡಲೇಬೇಕು ಅನ್ನುವ ಒತ್ತಡ ಕಮ್ಮಿ. ಹೊಸದಾಗಿ ಕಲಿಯುವವರು ಬ್ಲಫ್ ಅಭ್ಯಾಸ ಮಾಡಬೇಕಾದ್ದು ಇಲ್ಲಿಂದ ಅನ್ನುವುದು ನನ್ನ ಅನಿಸಿಕೆ.

ಇನ್ನು ಕಥೆ. ಬುರುಡೆ ಬಿಡುವವನಿಗೆ ಹಿಂದೆ ಹೇಳಿದ್ದು ನೆನಪಿರಬೇಕು ಅಂತಾರಲ್ಲ, ಇಲ್ಲೂ ಹಾಗೇ. ಫ್ಲಾಪ್‌ನಲ್ಲಿ ಚೆಕ್, ಟರ್ನ್‌ನಲ್ಲಿ ಚೆಕ್, ರಿವರ್‌ನಲ್ಲಿ ಯಾವುದೋ ಕೆಲಸಕ್ಕೆ ಬಾರದ ಎರಡರ ಎಲೆ ಬಿದ್ದ ತಕ್ಷಣ ಇದ್ದಬದ್ದದ್ದೆಲ್ಲ ತಳ್ಳಿದರೆ ಯಾರು ನಂಬುತ್ತಾರೆ? ಅಷ್ಟು ಒಳ್ಳೆ ಎಲೆ ಇದ್ದಿದ್ದರೆ ಮೊದಲೇ ಯಾಕೆ ಕಟ್ಟಲಿಲ್ಲ ಅಂತ ಎದುರಿನವನು ಕೇಳಿಕೊಳ್ಳುತ್ತಾನೆ. ಬಿದ್ದ ಎಲೆಗಳು ಯಾರಿಗೆ ಹೊಂದುತ್ತವೆ ಅನ್ನುವುದೂ ಮುಖ್ಯ. ಫ್ಲಾಪ್‌ಗೆ ಮುಂಚೆ ರೇಸ್ ಮಾಡಿದ್ದು ನೀವು, ಅವನು ಬರೀ ಕಾಲ್ ಮಾಡಿದ್ದಾನೆ. ಬಿದ್ದದ್ದು ಎಕ್ಕ, ರಾಜ, ನಾಲ್ಕು. ಅವನ ಹತ್ತಿರ ಎಕ್ಕದ ಜೋಡಿಯೋ ರಾಜನ ಜೋಡಿಯೋ ಇದ್ದಿದ್ದರೆ ಬಹುಶಃ ಆಗಲೇ ತಿರುಗಿ ರೇಸ್ ಮಾಡುತ್ತಿದ್ದ, ಹಾಗಾಗಿ ದೊಡ್ಡ ಎಲೆ ನಿಮ್ಮ ಹತ್ತಿರವೇ ಇರುವ ಸಾಧ್ಯತೆ ಜಾಸ್ತಿ. ನಿಮ್ಮ ಸುಳ್ಳಿಗೆ ಬಲ ಇದೆ. ಅದೇ ಏಳು, ಆರು, ಐದು ಬಿದ್ದಿದ್ದರೆ ಅದು ಅವನ ಕೈಗೆ ಹೊಂದುವ ಎಲೆ, ಅಲ್ಲಿ ತೆಪ್ಪಗಿರುವುದು ವಾಸಿ.

ಕಥೆ ಹೇಗೆ ಕಟ್ಟಬೇಕು ಅನ್ನುವುದಕ್ಕೆ ಪೋಕರ್ ಆಡುವವರೆಲ್ಲ ತೋರಿಸುವ ಒಂದು ಆಟ ಇದೆ. 2003, ಲಾಸ್ ವೇಗಸ್, ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿ. ಪ್ರವೇಶಕ್ಕೆ 10,000 ಡಾಲರ್, ಆಡಿದವರು 839 ಜನ, ಗೆದ್ದವನಿಗೆ 25 ಲಕ್ಷ ಡಾಲರ್. ಕೊನೆಗೆ ಉಳಿದವರು ಇಬ್ಬರು. ಒಬ್ಬರು ಸ್ಯಾಮ್ ಫರ್ಹಾ, ಪಳಗಿದ ವೃತ್ತಿಪರ ಆಟಗಾರ. ಇನ್ನೊಬ್ಬ ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್. ಹೌದು, ಅವನ ನಿಜವಾದ ಹೆಸರೇ ಅದು. ಸಣ್ಣ ಮೊತ್ತದ ಆನ್‌ಲೈನ್ ಟೂರ್ನಿಯೊಂದನ್ನು ಗೆದ್ದು ಅಲ್ಲಿಗೆ ಬಂದವನು.

ಮನಿಮೇಕರ್ ಕೈಯಲ್ಲಿ ಇಸ್ಪೀಟ್ ಜಾತಿಯ ರಾಜ ಮತ್ತು ಆಟಿನ್ ಏಳು. ಫರ್ಹಾ ಕೈಯಲ್ಲಿ ಇಸ್ಪೀಟ್ ರಾಣಿ ಮತ್ತು ಆಟಿನ್ ಒಂಬತ್ತು. ಫ್ಲಾಪ್ ಒಂಬತ್ತು, ಎರಡು, ಆರು. ಅದರಲ್ಲಿ ಒಂಬತ್ತು, ಆರು ಎರಡೂ ಇಸ್ಪೀಟ್. ಫರ್ಹಾಗೆ ಒಂಬತ್ತರ ಜೋಡಿ ಆಯಿತು. ಟರ್ನ್‌ನಲ್ಲಿ ಇಸ್ಪೀಟ್ ಎಂಟು. ಈಗ ಮನಿಮೇಕರ್‌ಗೆ ಇನ್ನೊಂದು ಇಸ್ಪೀಟ್ ಬಿದ್ದರೆ ಫ್ಲಶ್, ಐದೋ ಹತ್ತೋ ಬಿದ್ದರೆ ಸೀಕ್ವೆನ್ಸ್. ಫರ್ಹಾ ಮೂರು ಲಕ್ಷದ ಚಿಪ್ ಕಟ್ಟಿದರು, ಇವನು ಎಂಟು ಲಕ್ಷಕ್ಕೆ ರೇಸ್ ಮಾಡಿದ. ಮೇಲೆ ಹೇಳಿದ ಅರ್ಧ ಸುಳ್ಳು ಇದೇ. ಫರ್ಹಾ ಬಿಡಲಿಲ್ಲ. ರಿವರ್‌ನಲ್ಲಿ ಆಟಿನ್ ಮೂರು ಬಿತ್ತು, ಮನಿಮೇಕರ್‌ಗೆ ಏನೂ ಆಗಲಿಲ್ಲ. ರಾಜ ಒಂದೇ, ಜೋಡಿಯೂ ಇಲ್ಲ. ಫರ್ಹಾ ಚೆಕ್ ಅಂದರು. ಇವನು ಆಲ್ ಇನ್ ಅಂದ, ಅಂದರೆ ಇದ್ದ ಚಿಪ್ ಎಲ್ಲ ತಳ್ಳಿದ.

ಈಗ ಫರ್ಹಾ ಜಾಗದಲ್ಲಿ ಕೂತು ನೋಡಿ. ಮೂರನೇ ಇಸ್ಪೀಟ್ ಬಿದ್ದ ಕೂಡಲೇ ರೇಸ್ ಮಾಡಿದ, ಈಗ ಎಲ್ಲಾ ತಳ್ಳಿದ. ಫ್ಲಶ್ ಆದವನು ಹೇಗೆ ಆಡುತ್ತಾನೋ ಹಾಗೇ ಆಡಿದ್ದಾನೆ, ಕಥೆಯಲ್ಲಿ ತೂತೇ ಇಲ್ಲ. ಜೊತೆಗೆ ಇಸ್ಪೀಟ್ ರಾಜ ಮನಿಮೇಕರ್ ಕೈಯಲ್ಲೇ ಇರುವುದರಿಂದ, ರಾಜನನ್ನು ಹಿಡಿದ ಫ್ಲಶ್ ಫರ್ಹಾ ಹತ್ತಿರ ಇರಲು ಸಾಧ್ಯವೇ ಇಲ್ಲ. ಎದುರಿನವನಿಗೆ ಬೇಕಾದ ಎಲೆಯನ್ನು ನೀವೇ ಹಿಡಿದಿರುವುದಕ್ಕೆ ಬ್ಲಾಕರ್ ಅನ್ನುತ್ತಾರೆ, ಬ್ಲಫ್‌ಗೆ ಎಲೆ ಆರಿಸುವಾಗ ಅದು ತುಂಬಾ ಉಪಯೋಗ. ಫರ್ಹಾಗೆ ಅನುಮಾನ ಬಂದಿತ್ತು, ನಿನಗೆ ಫ್ಲಶ್ ತಪ್ಪಿರಬೇಕು ಅಲ್ವಾ ಅನ್ನುವ ಅರ್ಥದಲ್ಲಿ ಕೇಳಿಯೂ ಕೇಳಿದರು. ಸರಿಯಾಗೇ ಊಹಿಸಿದ್ದರು! ಆದರೂ ಗೆಲ್ಲುವ ಒಂಬತ್ತರ ಜೋಡಿಯನ್ನು ಬಿಟ್ಟರು. ಟೂರ್ನಿ ಮನಿಮೇಕರ್ ಪಾಲಾಯಿತು. ಫರ್ಹಾ ಕಾಲ್ ಮಾಡಿದ್ದಿದ್ದರೆ ಇದೇ ಆಟವನ್ನು "ಅಕೌಂಟೆಂಟ್‌ನ ಹುಚ್ಚುತನ" ಅಂತ ತೋರಿಸುತ್ತಿದ್ದರೇನೋ, ಅದು ಬೇರೆ ಮಾತು.

ಮುಖ ನೋಡಿ ಕಂಡುಹಿಡಿಯುವ ವಿಷಯ? ಕೈ ನಡುಗುವುದು, ನೀರು ಕುಡಿಯುವುದು, ಇವನ್ನೆಲ್ಲ ನಾನು ಅಷ್ಟು ನಂಬುವುದಿಲ್ಲ. ನನ್ನ ಕೈ ರಾಜನ ಜೋಡಿ ಬಂದಾಗಲೂ ನಡುಗುತ್ತದೆ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಕ್ಯಾಸಿನೊ ಒಂದರಲ್ಲಿ ಲಿಬ್ರಾಟಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರ ವಿರುದ್ಧ 20 ದಿನ, 1,20,000 ಆಟ ಆಡಿ ಗೆದ್ದಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟೂಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಮಾಡಿದ್ದು. ಅದಕ್ಕೆ ಮುಖವೂ ಇಲ್ಲ, ಎದುರಿನವರ ಮುಖ ಕಾಣುವುದೂ ಇಲ್ಲ. ಬ್ಲಫ್ ಮಾಡು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ತನ್ನ ಜೊತೆ ತಾನೇ ಆಡಿ ಆಡಿ ಕಲಿಯಿತು. ಪಾಟ್‌ಗಿಂತ ಎಷ್ಟೋ ಪಟ್ಟು ದೊಡ್ಡ ಬೆಟ್ ಕಟ್ಟಿ, ಅದರಲ್ಲಿ ಕೆಲವು ಸುಳ್ಳು ಕೆಲವು ನಿಜ ಇಟ್ಟು, ಪಳಗಿದವರ ತಲೆ ಕೆಡಿಸಿತು. ನಾಲ್ಕರಲ್ಲಿ ಒಂದು ಸುಳ್ಳು ಅಂದರೆ ಯಾವ ಒಂದು ಅನ್ನುವುದನ್ನು ನಮ್ಮ ಮನಸ್ಸಿಗೆ ಬಿಡಬಾರದು, ಮನಸ್ಸು ಒಂದು ಚಾಳಿ ಹಿಡಿಯುತ್ತದೆ. ಅದಕ್ಕೇ ಗಡಿಯಾರದ ಸೆಕೆಂಡ್ ಮುಳ್ಳು ನೋಡಿ ನಿರ್ಧರಿಸುವ ಆಟಗಾರರೂ ಇದ್ದಾರೆ: ಮೊದಲ ಹದಿನೈದು ಸೆಕೆಂಡಿನೊಳಗೆ ಇದ್ದರೆ ಬ್ಲಫ್, ಇಲ್ಲದಿದ್ದರೆ ಇಲ್ಲ.

ಆದರೆ ಈ ಸಮತೂಕದ ಲೆಕ್ಕ ಎದುರಿನವರ ಚಾಳಿ ಗೊತ್ತಿಲ್ಲದಾಗ ಮಾತ್ರ. ಗೊತ್ತಿದ್ದರೆ ಅದನ್ನು ಪಕ್ಕಕ್ಕಿಡಿ. ಸಣ್ಣ ಬೆಟ್‌ಗೂ ಬೆದರಿ ಬಿಡುವವರ ಮುಂದೆ ಲೆಕ್ಕಕ್ಕಿಂತ ಜಾಸ್ತಿ ಬ್ಲಫ್ ಮಾಡಿ. ಈಗಷ್ಟೇ ದೊಡ್ಡದಾಗಿ ಸೋತು ಮೈಯೆಲ್ಲ ಉರಿಯುತ್ತಿರುವವನ ಮುಂದೆ ಬೇಡ, ಅವನು ನೋಡಿಯೇ ತೀರುತ್ತಾನೆ. ಮಾವನಂಥವರ ಮುಂದೆ ಬ್ಲಫ್ ಸೊನ್ನೆ, ಬದಲಿಗೆ ಒಳ್ಳೆ ಎಲೆ ಬಂದಾಗ ಮಾಮೂಲಿಗಿಂತ ದೊಡ್ಡ ಬೆಟ್. ಅವರು ಬಿಡುವುದಿಲ್ಲ ಅನ್ನುವುದೇ ನಿಮ್ಮ ಲಾಭ.

ಇನ್ನೊಂದು, ಕಳೆದುಕೊಳ್ಳುವುದಕ್ಕೆ ಏನಾದರೂ ಬೆಲೆ ಇರಬೇಕು. ಹುಣಸೆ ಬೀಜ ಹೋದರೆ ಮಾವನಿಗೇನು ನಷ್ಟ? ದುಡ್ಡು ಕಟ್ಟಿ ಅಂತ ಹೇಳುತ್ತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಪಾಸ್ ಮಾಡಿದೆ, ಅದಿರಲಿ, ನಮ್ಮ ಅಜ್ಜಿಯ ಕಾನೂನು ಅದಕ್ಕಿಂತ ಗಟ್ಟಿ. ಯುಗಾದಿಗೆ ಹೋದಾಗ ಅತ್ತೆಯೇ ಒಂದು ಉಪಾಯ ಹೇಳಿದರು: ಕೊನೆಗೆ ಯಾರ ಹತ್ತಿರ ಬೀಜ ಕಮ್ಮಿಯೋ ಅವರು ಹಬ್ಬದ ಊಟದ ಪಾತ್ರೆ ತೊಳೆಯಬೇಕು. ಬೀಜಕ್ಕೆ ಒಮ್ಮೆಲೇ ಬೆಲೆ ಬಂತು. ಮೊದಮೊದಲು ಮಾವ ಹಳೇ ಚಾಳಿಯಂತೆ "ನೋಡೇ ಬಿಡೋಣ" ಅಂದರು, ನಾನು ಒಳ್ಳೆ ಎಲೆಗೆ ಮಾತ್ರ ಕಟ್ಟಿದೆ, ಎರಡು ಸಲ ರಾಶಿ ಬಾಚಿಕೊಂಡೆ. ಅವತ್ತು ಒಬ್ಬಟ್ಟಿನ ಹೂರಣದ ಕೊಪ್ಪರಿಗೆ ಉಜ್ಜಿದ್ದು ಮಾವನೇ. ಮಾರನೇ ದಿನ ಮತ್ತೆ ಕೂತಾಗ ನಾನು 30 ಬೀಜ ತಳ್ಳಿದೆ. ಮಾವ ಎಲೆಯ ಮೂಲೆ ಎತ್ತಿ ನೋಡಿದರು, ನನ್ನ ಮುಖ ನೋಡಿದರು, ಬಚ್ಚಲ ಕಡೆ ಒಮ್ಮೆ ನೋಡಿದರು. "ಹೋಗಲಿ ತಗೋ" ಅಂತ ಎಲೆ ಕೆಳಗಿಟ್ಟರು. ನನ್ನ ಕೈಯಲ್ಲಿ ಮೂರು ಎಕ್ಕ ಆಗಿತ್ತು, ಸಿಕ್ಕಿದ್ದು ನಡುವೆ ಇದ್ದ ಎಂಟು ಬೀಜ.

ಗಣೇಶನ ಹಬ್ಬಕ್ಕೆ ಮತ್ತೆ ಹೋಗುತ್ತಿದ್ದೇನೆ. ಈ ಸಲ ಬುರುಡೆ ಶುರು ಮಾಡಬಹುದು ಅನ್ನಿಸುತ್ತಿದೆ, ಅರ್ಧ ಪಾಟ್‌ನಿಂದ.